ಆರ್‌ಎಂಯುಗೆ ವೋಲ್ಟೇಜ್ ಸೆನ್ಸರ್: ಆಯ್ಕೆಯಿಂದ ಚಾರ್ಜ್ ಮಾಡುವವರೆಗೆ

"ಪಿಟಿ ಇಡಲು ಜಾಗವಿಲ್ಲ, ರಿಲೇಗೆ ವೋಲ್ಟೇಜ್ ಬೇಕೇ ಬೇಕು. ಏನು ಮಾಡೋಣ?" 11 ಕೆವಿ ರಿಂಗ್ ಮೇನ್ ಯೂನಿಟ್, ಅಂದರೆ ಕೇಬಲ್‌ಗಳನ್ನು ಸೇರಿಸುವ, ಬೇರ್ಪಡಿಸುವ ಸ್ವಿಚ್ ಪೆಟ್ಟಿಗೆಯಾದ ಆರ್‌ಎಂಯು, ನೋಡಿಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆ ಇದು (ಪಿಟಿ ಎಂದರೆ ಹೈ ವೋಲ್ಟೇಜನ್ನು ಅಳೆಯುವಷ್ಟಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್; ರಿಲೇ ಎಂದರೆ ಫಾಲ್ಟ್ ಗುರುತಿಸುವ ರಕ್ಷಣಾ ಸಾಧನ). ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಪ್ಯಾನೆಲ್ ಮುಂದೆ ಮೂರು ಇಂಡಿಕೇಟರ್ ದೀಪ ಇವೆಯಲ್ಲ, ಅಲ್ಲಿಂದಲೇ ವೋಲ್ಟೇಜ್ ತೆಗೆದುಕೊಂಡರೆ ಆಗದೇ?"

ಮೊದಲ ಪ್ರಶ್ನೆಗೆ ಉತ್ತರ, ವೋಲ್ಟೇಜ್ ಸೆನ್ಸರ್. ಎರಡನೆಯದಕ್ಕೆ ಉತ್ತರ, ಬೇಡ. ಯಾಕೆ ಬೇಡ ಎನ್ನುವುದನ್ನು ಮುಂದೆ ನೋಡೋಣ.

ಬೆಂಗಳೂರಿನಂಥ ಊರಿನಲ್ಲಿ ನೆಲದಡಿ ಕೇಬಲ್ ಜಾಲದ ಮೇಲೆ ಕೂತಿರುವ ಆರ್‌ಎಂಯುಗಳಲ್ಲಿ, ಈಗಾಗಲೇ ಇರುವ ಕೇಬಲ್ ಟರ್ಮಿನೇಷನ್‌ಗೆ, ಅಂದರೆ ಕೇಬಲ್ ತುದಿಯ ಜೋಡಣೆಗೆ, ಹಿಂಬದಿಯಿಂದ ಸೆನ್ಸರ್ ಸೇರಿಸಿ ಚಾರ್ಜ್ ಮಾಡುವ, ಅಂದರೆ ಲೈನ್‌ಗೆ ಮತ್ತೆ ವೋಲ್ಟೇಜ್ ಕೊಡುವ, ಕೆಲಸವನ್ನು ಇಲ್ಲಿ ವಿವರಿಸಿದೆ. ಇದು ಹೈ ಟೆನ್ಷನ್ (ಎಚ್‌ಟಿ) ಕೆಲಸ. ಅಧಿಕಾರ ಪಡೆದವರು, ಲೈನ್ ಕ್ಲಿಯರ್ (ಎಲ್‌ಸಿ), ಅಂದರೆ ಲೈನ್ ನಿಲ್ಲಿಸಿ ಕೆಲಸ ಮಾಡಲು ಅನುಮತಿ, ತೆಗೆದುಕೊಂಡೇ ಮಾಡಬೇಕಾದದ್ದು. ಓದಿದ ಮಾತ್ರಕ್ಕೆ ಯಾರೂ ಕೇಬಲ್ ಬಾಕ್ಸ್ ತೆಗೆಯಬೇಡಿ.

ಸೆನ್ಸರ್ ಅಂದರೆ ಚಿಕ್ಕ ಪಿಟಿ ಅಲ್ಲ

ಪಿಟಿಯೊಳಗೆ ಕಬ್ಬಿಣದ ಕೋರ್, ತಾಮ್ರದ ಸುರುಳಿ. 11 ಕೆವಿಯನ್ನು 110 ವೋಲ್ಟ್‌ಗೆ ಇಳಿಸಿ, ಮೀಟರ್ ರಿಲೇಗಳನ್ನು ನಡೆಸುವಷ್ಟು ಶಕ್ತಿಯನ್ನೂ ಕೊಡುತ್ತದೆ. ಸೆನ್ಸರ್‌ನೊಳಗೆ ಇರುವುದು ವೋಲ್ಟೇಜ್ ಡಿವೈಡರ್: ರೆಸಿನ್‌ನಲ್ಲಿ ಹುದುಗಿಸಿದ ಎರಡು ರೆಸಿಸ್ಟರ್, ಕೆಲವು ಮಾದರಿಗಳಲ್ಲಿ ಎರಡು ಕೆಪಾಸಿಟರ್. ದೊಡ್ಡದರ ಮೇಲೆ ಹೆಚ್ಚುಕಮ್ಮಿ ಇಡೀ ವೋಲ್ಟೇಜ್ ಬೀಳುತ್ತದೆ, ಚಿಕ್ಕದರ ಮೇಲೆ ಉಳಿದ ಚೂರು ನಮಗೆ ಸಿಗುತ್ತದೆ.

ಲೆಕ್ಕ ಹಿಡಿಯಲು ಒಂದು ಮಾದರಿ ಇಟ್ಟುಕೊಳ್ಳೋಣ. ಮೇಲೆ 200 ಮೆಗಾಓಮ್, ಕೆಳಗೆ 20 ಕಿಲೋಓಮ್. ಅನುಪಾತ ಸುಮಾರು 10,000:1. 11 ಕೆವಿ ಫೀಡರ್‌ನಲ್ಲಿ ಫೇಸ್‌ನಿಂದ ಅರ್ಥ್‌ಗೆ 6.35 ಕೆವಿ, ಹೊರಬರುವುದು 0.635 ವೋಲ್ಟ್. ಹರಿಯುವ ಕರೆಂಟ್ 32 ಮೈಕ್ರೋಆಂಪಿಯರ್ ಮಾತ್ರ. ಇದರಿಂದ ದೀಪ ಉರಿಯುವುದಿಲ್ಲ, ಬ್ಯಾಟರಿ ಚಾರ್ಜ್ ಆಗುವುದಿಲ್ಲ, 110 ವೋಲ್ಟ್ ಬೇಡುವ ಹಳೆಯ ರಿಲೇ ಎಚ್ಚರವಾಗುವುದೂ ಇಲ್ಲ.

ಲಾಭವೂ ಇದೆ. ಕೋರ್ ಇಲ್ಲದ್ದರಿಂದ ಸ್ಯಾಚುರೇಷನ್, ಅಂದರೆ ಕೋರ್ ತುಂಬಿ ಅಳತೆ ತಪ್ಪುವುದು, ಇಲ್ಲ. ಪಿಟಿಗಳನ್ನು ಸುಟ್ಟುಹಾಕುವ ಫೆರೋರೆಸೊನೆನ್ಸ್, ಅಂದರೆ ಕೋರ್ ಮತ್ತು ಕೇಬಲ್ ಕೆಪಾಸಿಟೆನ್ಸ್ ಸೇರಿ ವೋಲ್ಟೇಜ್ ಉಬ್ಬಿಸುವ ಕಾಟ, ಇಲ್ಲ. ಎಚ್‌ಟಿ ಫ್ಯೂಸ್ ಬೇಡ. ಕೈಯಲ್ಲಿ ಹಿಡಿಯುವಷ್ಟು ಗಾತ್ರ.

ಈ ಬಗೆಯ ಸೆನ್ಸರ್‌ಗೆ ಈಗಿನ ಮಾನದಂಡ ಐಇಸಿ 61869-11. ಹಳೆಯ ಡೇಟಾಶೀಟ್‌ಗಳಲ್ಲಿ ಐಇಸಿ 60044-7 ಎಂದಿರುತ್ತದೆ.

ಇಂಡಿಕೇಟರ್ ದೀಪದಿಂದ ಯಾಕೆ ಬೇಡ

ಆ ದೀಪಕ್ಕೆ ವೋಲ್ಟೇಜ್ ಬರುವುದು ಬುಷಿಂಗ್‌ನೊಳಗಿನ, ಅಂದರೆ ಕೇಬಲ್ ಆರ್‌ಎಂಯು ಟ್ಯಾಂಕ್ ಸೇರುವ ಇನ್ಸುಲೇಟರ್‌ನೊಳಗಿನ, ಪುಟ್ಟ ಕೆಪಾಸಿಟರ್ ಮೂಲಕ. ಅದರ ಕೆಪಾಸಿಟೆನ್ಸ್ ತುಂಡಿನಿಂದ ತುಂಡಿಗೆ, ಬಿಸಿಲಿನಿಂದ ಚಳಿಗೆ ಬದಲಾಗುತ್ತದೆ. ವೋಲ್ಟೇಜ್ ಇದೆ ಎಂದು ಹೇಳುವುದಷ್ಟೇ ಅದರ ಕೆಲಸ: ಮಾನದಂಡದ ಪ್ರಕಾರ ನಾಮಿನಲ್ ವೋಲ್ಟೇಜಿನ ಶೇ 45ರಿಂದ 120ರವರೆಗೆ ದೀಪ ಹತ್ತಿರಬೇಕು. ಅಷ್ಟು ಅಗಲದ ಅಂಚು ಇಟ್ಟುಕೊಂಡ ಸಾಧನದಿಂದ ಶೇ 0.5ರ ನಿಖರತೆ ಕೇಳಬಾರದು.

ಅದಕ್ಕಿಂತ ಮುಖ್ಯ ವಿಷಯ, ಈ ದೀಪ ಎಸಿಗೆ ಮಾತ್ರ ಸ್ಪಂದಿಸುತ್ತದೆ. ಸ್ವಿಚ್ ತೆಗೆದ ಮೇಲೆ ಕೇಬಲ್‌ನಲ್ಲಿ ಉಳಿದ ಡಿಸಿ ಚಾರ್ಜ್ ಅದಕ್ಕೆ ಕಾಣುವುದಿಲ್ಲ. ದೀಪ ಆರಿದೆ ಎಂದು ಕೈ ಹಾಕಬೇಡಿ.

ಏನೇನು ಬೇಕು

ಒಂದು ಫೀಡರ್‌ಗೆ ಮೂರು ಸೆನ್ಸರ್, ಅವುಗಳಿಗೆ ಕಾರ್ಖಾನೆಯಲ್ಲೇ ಜೋಡಿಸಿದ ಶೀಲ್ಡ್ ಕೇಬಲ್ ಮತ್ತು ಪ್ರತಿಯೊಂದರ ಟೆಸ್ಟ್ ರಿಪೋರ್ಟ್. ಸೆನ್ಸರ್ ಇನ್‌ಪುಟ್ ಇರುವ ರಿಲೇ ಅಥವಾ ಎಫ್‌ಆರ್‌ಟಿಯು, ಅಂದರೆ ಆರ್‌ಎಂಯು ಮಾಹಿತಿಯನ್ನು ಕಂಟ್ರೋಲ್ ರೂಮಿಗೆ ಕಳಿಸುವ ಪೆಟ್ಟಿಗೆ. ಟಿ-ಕನೆಕ್ಟರ್ ತಯಾರಕರದೇ ಸಿಲಿಕೋನ್ ಗ್ರೀಸ್, ನೂಲು ಬಿಡದ ಬಟ್ಟೆ, ಟಾರ್ಕ್ ರೆಂಚ್, 5 ಕೆವಿ ಮೆಗ್ಗರ್ (ಇನ್ಸುಲೇಷನ್ ರೋಧ ಅಳೆಯುವ ಸಾಧನ), ಮಿಲಿವೋಲ್ಟ್ ಸರಿಯಾಗಿ ಓದುವ ಮಲ್ಟಿಮೀಟರ್. ಎಚ್‌ಟಿ ಡಿಟೆಕ್ಟರ್ ಮತ್ತು ಉಳಿದ ಚಾರ್ಜನ್ನು ನೆಲಕ್ಕೆ ಇಳಿಸುವ ಡಿಸ್ಚಾರ್ಜ್ ರಾಡ್ ಇಲ್ಲದೆ ಹೊರಡುವ ಮಾತೇ ಇಲ್ಲ.

ಹಂತ 1: ಕೇಬಲ್ ಬಾಕ್ಸ್ ನೋಡಿ ಬನ್ನಿ, ಆಮೇಲೆ ಆರ್ಡರ್ ಮಾಡಿ

ಹೆಚ್ಚಿನ ತಪ್ಪು ಇಲ್ಲೇ ಆಗುವುದು. ಹಿಂಬದಿಯಿಂದ ತೂರಿಸುವ ಸೆನ್ಸರ್ ಕೂರಬೇಕಾದರೆ ಕೇಬಲ್ ತುದಿಯಲ್ಲಿ ಸ್ಕ್ರೀನ್ಡ್ ಟಿ-ಕನೆಕ್ಟರ್ ಇರಬೇಕು, ಅಂದರೆ ಹೊರಮೈಗೆ ವಾಹಕ ಪದರವಿದ್ದು ಅದನ್ನು ಅರ್ಥ್ ಮಾಡಿರುವ ರಬ್ಬರ್ ಕನೆಕ್ಟರ್. ಅದರ ಹಿಂಬದಿಯಲ್ಲಿ ಒಂದು ಇನ್ಸುಲೇಟಿಂಗ್ ಪ್ಲಗ್ ಇರುತ್ತದೆ. ಅದನ್ನು ತೆಗೆದು ಆ ಜಾಗದಲ್ಲಿ ಸೆನ್ಸರ್ ಕೂರಿಸುವುದು. ನಮ್ಮಲ್ಲಿ ಎಷ್ಟೋ ಆರ್‌ಎಂಯುಗಳಲ್ಲಿ ಟಿ-ಕನೆಕ್ಟರ್ ಬದಲು ಹೀಟ್ ಶ್ರಿಂಕ್ ಬೂಟ್ ಹಾಕಿರುತ್ತಾರೆ. ಅಲ್ಲಿ ಪ್ಲಗ್ಗೂ ಇಲ್ಲ, ಸೆನ್ಸರ್‌ಗೆ ಜಾಗವೂ ಇಲ್ಲ. ಟರ್ಮಿನೇಷನ್ನನ್ನೇ ಬದಲಿಸಬೇಕು, ಅದಕ್ಕೆ ಬೇರೆಯೇ ಅಂದಾಜು ಪಟ್ಟಿ.

ಟಿ-ಕನೆಕ್ಟರ್ ಇದ್ದರೂ ಮೂರು ವಿಷಯ ನೋಡಿ. ಹಿಂಬದಿಯಲ್ಲಿ ಈಗಾಗಲೇ ಎರಡನೇ ಕೇಬಲ್ ಅಥವಾ ಸರ್ಜ್ ಅರೆಸ್ಟರ್ ಸೇರಿಸಿದ್ದಾರೆಯೇ? ಕನೆಕ್ಟರ್ ಯಾರದು, ಯಾವ ಮಾದರಿ? ಬುಷಿಂಗ್ ಕಡೆಯ ಅಳತೆ 630 ಆಂಪಿಯರ್‌ನ ಎಂ16 ಬೋಲ್ಟ್ ಇರುವ ಸಿ-ಟೈಪ್ ಎಂದು ಎಲ್ಲರಲ್ಲೂ ಒಂದೇ ಇದ್ದರೂ, ಹಿಂಬದಿಯ ಕುಳಿಯ ಆಕಾರ ತಯಾರಕರಿಂದ ತಯಾರಕರಿಗೆ ಬೇರೆ. "ಸಿ-ಟೈಪ್ ಸೆನ್ಸರ್ ಕಳಿಸಿ" ಎಂದಷ್ಟೇ ಬರೆದರೆ ಬಂದದ್ದು ಕೂರದೆ ಹೋಗಬಹುದು. ಮೂರನೆಯದು ಆಳ: ಸೆನ್ಸರ್ ಕೂತ ಮೇಲೆ ಬಾಗಿಲು ಮುಚ್ಚಬೇಕು. ಮುಚ್ಚದಿದ್ದರೆ ಬಾಗಿಲು ಕೊರೆದು ಹೊರಗೆ ಪೆಟ್ಟಿಗೆ ಬೆಸುಗೆ ಹಾಕಿಸುವ ಯೋಚನೆ ಬೇಡ. ಆ ಬಾಗಿಲು ಒಳಗಿನ ಆರ್ಕ್ ತಡೆಯಲು ಪರೀಕ್ಷೆಯಾಗಿ ಬಂದದ್ದು. ಕೊರೆದ ದಿನವೇ ಆ ಪರೀಕ್ಷೆಗೆ ಬೆಲೆ ಇಲ್ಲ.

ಹಂತ 2: ಸ್ಪೆಸಿಫಿಕೇಷನ್ ಬರೆಯಿರಿ

11 ಕೆವಿಗೆ 12 ಕೆವಿ ದರ್ಜೆ: ಒಂದು ನಿಮಿಷ 28 ಕೆವಿ, ಇಂಪಲ್ಸ್ (ಸಿಡಿಲಿನಂಥ ಕ್ಷಣಿಕ ಏರಿಕೆ) 75 ಕೆವಿ ತಡೆಯಬೇಕು. 33 ಕೆವಿಗಾದರೆ 36 ಕೆವಿ ದರ್ಜೆ, 70 ಮತ್ತು 170 ಕೆವಿ. ವೋಲ್ಟೇಜ್ ಫ್ಯಾಕ್ಟರ್ 1.9, ಎಂಟು ಗಂಟೆ ಎಂದು ಕೇಳಿ. ಒಂದು ಫೇಸ್ ನೆಲಕ್ಕೆ ತಗುಲಿದಾಗ ಉಳಿದೆರಡರ ವೋಲ್ಟೇಜ್ ಏರುತ್ತದಲ್ಲ, ಅದನ್ನು ಸೆನ್ಸರ್ ಎಷ್ಟು ಹೊತ್ತು ತಾಳಬೇಕು ಎನ್ನುವುದೇ ಇದು. 6.35ರ 1.9 ಪಟ್ಟು ಅಂದರೆ 12 ಕೆವಿ ಚಿಲ್ಲರೆ.

ನಿಖರತೆ ದರ್ಜೆಯಲ್ಲಿ ಚೌಕಾಶಿ ಮಾಡುವ ಮುನ್ನ ಅರ್ಥ್ ಫಾಲ್ಟ್ ಸೆಟ್ಟಿಂಗ್ ನೆನಪಿರಲಿ. ಪಿಟಿಯಲ್ಲಿ ಓಪನ್ ಡೆಲ್ಟಾ ಸುರುಳಿಯಿಂದ ಸಿಗುತ್ತಿದ್ದ ರೆಸಿಡ್ಯುಯಲ್ ವೋಲ್ಟೇಜ್ ಇಲ್ಲಿ ಇಲ್ಲ. ರಿಲೇ ಮೂರೂ ಫೇಸ್ ಕೂಡಿಸಿ ಅದನ್ನು ಲೆಕ್ಕ ಹಾಕುತ್ತದೆ. ಒಂದು ಸೆನ್ಸರ್ ಹೆಚ್ಚು, ಉಳಿದೆರಡು ಕಡಿಮೆ ತೋರಿಸಿದರೆ ಅನುಪಾತದ ದೋಷದಿಂದಲೇ, ಅದರ ಎರಡು ಪಟ್ಟಿನಷ್ಟು, ಇಲ್ಲದ ರೆಸಿಡ್ಯುಯಲ್ ಹುಟ್ಟುತ್ತದೆ. 0.5 ದರ್ಜೆಯಲ್ಲಿ (ದೋಷ ಶೇ 0.5ರವರೆಗೆ) ಶೇ 1. 3ಪಿ ದರ್ಜೆಯಲ್ಲಿ (ದೋಷ ಶೇ 3ರವರೆಗೆ) ಶೇ 6. ರಿಲೇಯನ್ನು ಶೇ 5ಕ್ಕೆ ಸೆಟ್ ಮಾಡಿ 3ಪಿ ಸೆನ್ಸರ್ ಹಾಕಿದರೆ ಫಾಲ್ಟ್ ಇಲ್ಲದೆಯೂ ಅಲಾರಂ ಬಂದೀತು. ದಿಕ್ಕು ನೋಡುವ ಅರ್ಥ್ ಫಾಲ್ಟ್ ರಕ್ಷಣೆ ಬೇಕಿದ್ದರೆ 0.5 ದರ್ಜೆಯನ್ನೇ ತರಿಸಿ.

ಬರ್ಡನ್, ಅಂದರೆ ರಿಲೇ ಕಡೆಯ ಒಳರೋಧ, ಎರಡೂ ಡೇಟಾಶೀಟ್‌ನಲ್ಲಿ ಹೊಂದಬೇಕು. ಮಾನದಂಡದಲ್ಲಿರುವುದು 2 ಮೆಗಾಓಮ್, 50 ಪಿಕೋಫ್ಯಾರಡ್. ಕೆಲವು ತಯಾರಕರದು 10 ಮೆಗಾಓಮ್. ನಮ್ಮ ಮಾದರಿಯಲ್ಲಿ 2 ಮೆಗಾಓಮ್‌ಗೆ ಹೊಂದಿಸಿದ ಸೆನ್ಸರನ್ನು 10 ಮೆಗಾಓಮ್ ರಿಲೇಗೆ ಕೊಟ್ಟರೆ ಶೇ 0.8 ಹೆಚ್ಚು ಓದುತ್ತದೆ. ಒಂದೇ ಸೆನ್ಸರಿಗೆ 2 ಮೆಗಾಓಮ್‌ನ ಎರಡು ಸಾಧನ ತಗುಲಿಸಿದರೆ ಸುಮಾರು ಶೇ 1 ಕಡಿಮೆ. ಎರಡರಲ್ಲೂ 0.5 ದರ್ಜೆ ಕೈಬಿಟ್ಟು ಹೋಯಿತು. ಪಿಟಿ ಸೆಕೆಂಡರಿಯಿಂದ ನಾಲ್ಕು ಕಡೆ ಟ್ಯಾಪ್ ತೆಗೆದು ರೂಢಿಯಾದವರು ಇಲ್ಲಿ ಎಡವುತ್ತಾರೆ.

ಕೊನೆಗೆ ಕನೆಕ್ಟರ್. ಹೆಚ್ಚಿನವುಗಳ ತುದಿಯಲ್ಲಿ ಕಂಪ್ಯೂಟರ್ ನೆಟ್‌ವರ್ಕ್‌ನ ಆರ್‌ಜೆ45 ಇರುತ್ತದೆ. ವೋಲ್ಟೇಜ್ ಸಾಮಾನ್ಯವಾಗಿ 7 ಮತ್ತು 8ನೇ ಪಿನ್‌ನಲ್ಲಿ. ಕರೆಂಟ್ ಸೆನ್ಸರ್ ಕೂಡ ಅದೇ ಪ್ಲಗ್‌ನಲ್ಲಿ ಬರುವುದಾದರೆ ಕೆಲವರು 1-2, ಕೆಲವರು 4-5 ಬಳಸುತ್ತಾರೆ. ಪ್ಲಗ್ ಹಿಡಿಸಿತು ಎಂದ ಮಾತ್ರಕ್ಕೆ ಪಿನ್ ಹೊಂದಿತು ಎಂದಲ್ಲ.

ಹಂತ 3: ಸರಿಯಾದ ಎಲ್‌ಸಿ, ಸರಿಯಾದ ಅರ್ಥಿಂಗ್

ಎಲ್‌ಸಿ ಪಡೆದು, ಎರಡೂ ತುದಿಯಲ್ಲಿ ಸ್ವಿಚ್ ತೆಗೆದು, ಬೀಗ ಹಾಕಿ, ವೋಲ್ಟೇಜ್ ಇಲ್ಲವೆಂದು ಪರೀಕ್ಷಿಸಿ, ಅರ್ಥಿಂಗ್ ಸ್ವಿಚ್ ಹಾಕಿ. ರಿಂಗ್‌ನಲ್ಲಿ ಕರೆಂಟ್ ಇನ್ನೊಂದು ತುದಿಯಿಂದಲೂ ಬರುತ್ತದೆ. ಗ್ರಾಹಕರ ಜನರೇಟರ್ ಮತ್ತು ಚಾವಣಿ ಸೋಲಾರ್ ಕಡೆಯಿಂದ ವಾಪಸು ಬರುವ ಸಾಧ್ಯತೆಯನ್ನೂ ಎಲ್‌ಸಿ ಹಾಳೆಯಲ್ಲಿ ಗುರುತಿಸಿ.

"ರೆಸಿಸ್ಟರ್ ಸೆನ್ಸರ್ ಇದೆಯಲ್ಲ, ಚಾರ್ಜ್ ಅದರ ಮೂಲಕ ಹರಿದುಹೋಗುತ್ತದೆ" ಎಂಬ ಮಾತು ಕಿವಿಗೆ ಬಿದ್ದರೆ ಲೆಕ್ಕ ಹಾಕಿ ತೋರಿಸಿ. ಕೇಬಲ್‌ನ ಕೆಪಾಸಿಟೆನ್ಸ್ 0.3 ಮೈಕ್ರೋಫ್ಯಾರಡ್ ಎಂದಿಟ್ಟುಕೊಂಡರೂ 200 ಮೆಗಾಓಮ್ ಜೊತೆ ಟೈಮ್ ಕಾನ್‌ಸ್ಟಂಟ್ 60 ಸೆಕೆಂಡ್. 9 ಕೆವಿಯಿಂದ 50 ವೋಲ್ಟ್‌ಗೆ ಇಳಿಯಲು ಐದು ನಿಮಿಷ ದಾಟುತ್ತದೆ. ಡಿಸ್ಚಾರ್ಜ್ ರಾಡ್ ಕೆಲಸವನ್ನು ರಾಡೇ ಮಾಡಬೇಕು.

ಹಂತ 4: ಕೂರಿಸುವುದು

ಮೊದಲು ಸೀರಿಯಲ್ ನಂಬರ್ ಬರೆದುಕೊಳ್ಳಿ: ಆರ್ ಫೇಸ್‌ಗೆ ಯಾವುದು, ವೈಗೆ ಯಾವುದು, ಬಿಗೆ ಯಾವುದು. ಕೂತ ಮೇಲೆ ನೇಮ್‌ಪ್ಲೇಟ್ ಗೋಡೆ ಕಡೆ ತಿರುಗಿರುತ್ತದೆ, ಯಾರಿಗೂ ಕಾಣುವುದಿಲ್ಲ. ಫೋಟೊ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ಹಳೆಯ ಪ್ಲಗ್ ಬಿಚ್ಚಿ, ಎಸೆಯಬೇಡಿ, ಮುಂದೆ ಬೇಕಾಗುತ್ತದೆ. ಕುಳಿಯನ್ನೂ ಸೆನ್ಸರ್ ಕೋನನ್ನೂ ಒಂದೇ ದಿಕ್ಕಿನಲ್ಲಿ ಒರೆಸಿ. ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ. ಗಾಡಿಗೆ ಹಾಕುವ ಗ್ರೀಸ್, ಪೆಟ್ರೋಲಿಯಂ ಜೆಲ್ಲಿ ಎರಡೂ ಬೇಡ. ಅವು ಇಪಿಡಿಎಂ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತವೆ. ಸೆನ್ಸರ್ ಒಳಗೆ ಒತ್ತುವಾಗ ಗಾಳಿ ಸಿಕ್ಕಿಕೊಂಡು ವಾಪಸು ತಳ್ಳುತ್ತದೆ. ಅಂಚಿನಲ್ಲಿ ಒಂದು ನೈಲಾನ್ ಕೇಬಲ್ ಟೈ ಇಟ್ಟು ಒತ್ತಿ, ಗಾಳಿ ಹೊರಟ ಮೇಲೆ ಟೈ ಎಳೆದು ತೆಗೆಯಿರಿ. ಗಾಳಿಯ ಗುಳ್ಳೆ ಉಳಿದರೆ ಅಲ್ಲಿ ಪಾರ್ಶಿಯಲ್ ಡಿಸ್ಚಾರ್ಜ್, ಅಂದರೆ ಕಣ್ಣಿಗೆ ಕಾಣದ ಪುಟ್ಟ ಕಿಡಿಗಳು, ಶುರುವಾಗಿ ರಬ್ಬರನ್ನು ತಿಂಗಳುಗಟ್ಟಲೆ ತಿನ್ನುತ್ತವೆ.

ಟಾರ್ಕ್ ತಯಾರಕರ ಹಾಳೆಯಲ್ಲಿ ಇರುವಷ್ಟೇ. ಕೈಯಂದಾಜಿನಲ್ಲಿ ಬಿಗಿದರೆ ಒಳಗಿನ ಸ್ಟಡ್ ತಿರುಗಿ ಬುಷಿಂಗ್‌ಗೆ ಪೆಟ್ಟು, ಅಂದರೆ ಎಸ್‌ಎಫ್6 ಅನಿಲ ತುಂಬಿದ ಟ್ಯಾಂಕ್‌ಗೇ ಪೆಟ್ಟು. ಅದು ಸೆನ್ಸರ್ ಬೆಲೆಯ ಮಾತಲ್ಲ, ಆರ್‌ಎಂಯು ಬೆಲೆಯ ಮಾತು.

ಈಗ ಅರ್ಥ್ ತಂತಿ. ಇಡೀ ಕೆಲಸದಲ್ಲಿ ಒಂದನ್ನು ಎರಡು ಸಲ ನೋಡುವುದಾದರೆ ಇದನ್ನು ನೋಡಿ. ಡಿವೈಡರ್‌ನ ಕೆಳತುದಿ ನೆಲ ಸೇರುವುದು ಇದರ ಮೂಲಕ. ತಪ್ಪಿದರೆ ಅರ್ಧ ವೋಲ್ಟ್ ಇರಬೇಕಾದ ತಂತಿಯ ಮೇಲೆ ಕಿಲೋವೋಲ್ಟ್‌ಗಳು ಏರಲು ದಾರಿ ಆಯಿತು; ಒಳಗಿನ ಸರ್ಜ್ ಲಿಮಿಟರ್ ಒಂದೇ ತಡೆ. ಬಣ್ಣ ಕೆರೆದು, ಗಿಡ್ಡ ತಂತಿಯಲ್ಲಿ, ಕೇಬಲ್ ಬಾಕ್ಸ್‌ನ ಅರ್ಥ್ ಬಾರ್‌ಗೆ ನೇರ ಕೊಡಿ. ಟಿ-ಕನೆಕ್ಟರ್‌ನ ಸ್ಕ್ರೀನ್‌ನಿಂದ ಬರುವ ಅರ್ಥ್ ತಂತಿಯೂ ವಾಪಸು ಕಟ್ಟಿದೆಯೇ ನೋಡಿ.

ಹಂತ 5: ಸೆನ್ಸರ್ ಕೇಬಲ್ ಎಳೆಯುವುದು

ಈ ಕೇಬಲ್ ಸೆನ್ಸರ್‌ನ ಭಾಗ. ಕತ್ತರಿಸಬೇಡಿ, ಜಾಯಿಂಟ್ ಹಾಕಬೇಡಿ, ಅಂಗಡಿಯ ನೆಟ್‌ವರ್ಕ್ ಕೇಬಲ್ ಸೇರಿಸಿ ಉದ್ದ ಮಾಡಬೇಡಿ. ಕಾರಣ ಸರಳ. ಮೀಟರಿಗೆ 100 ಪಿಕೋಫ್ಯಾರಡ್ ಇರುವ ಕೇಬಲ್‌ ಇನ್ನೂ 5 ಮೀಟರ್ ಸೇರಿದರೆ 500 ಪಿಕೋಫ್ಯಾರಡ್ ಸೇರಿತು. 20 ಕಿಲೋಓಮ್ ಜೊತೆ 50 ಹರ್ಟ್ಜ್‌ನಲ್ಲಿ ಅದು ಫೇಸ್ ಕೋನವನ್ನು ಸುಮಾರು 11 ಮಿನಿಟ್‌ನಷ್ಟು ಹಿಂದೆ ತಳ್ಳುತ್ತದೆ. ಇಲ್ಲಿ ಮಿನಿಟ್ ಎಂದರೆ ಡಿಗ್ರಿಯ ಅರವತ್ತನೇ ಒಂದು ಪಾಲು. 0.5 ದರ್ಜೆಗೆ ಇರುವ ರಿಯಾಯಿತಿಯೇ 20 ಮಿನಿಟ್. ಎಷ್ಟು ಉದ್ದ ಬೇಕೆಂದು ದಾರದಲ್ಲಿ ಅಳೆದು, ಆರ್ಡರ್‌ನಲ್ಲೇ ಬರೆಯಿರಿ.

ಹೆಚ್ಚಾದ ಕೇಬಲನ್ನು ಸುತ್ತಿ ಕಂಟ್ರೋಲ್ ಪೆಟ್ಟಿಗೆಯ ಮೂಲೆಯಲ್ಲಿ ಕಟ್ಟಿ. ಪವರ್ ಕೇಬಲ್ ಸುತ್ತ ಸುತ್ತಬೇಡಿ. ಮೋಟರ್ ಮತ್ತು ಟ್ರಿಪ್ ಕಾಯಿಲ್ ತಂತಿಗಳ ಕಟ್ಟಿನಿಂದ ದೂರ ಇಡಿ. ಎರಡೂ ತುದಿಗೆ ಫೇಸ್ ಗುರುತು ಹಾಕಿ. ಮೂರೂ ಕೇಬಲ್ ಒಂದೇ ಬಣ್ಣ, ಒಂದೇ ಪ್ಲಗ್.

ಹಂತ 6: ಚಾರ್ಜ್ ಮಾಡುವ ಮುನ್ನ ಪರೀಕ್ಷೆ

ಮೆಗ್ಗರ್ ಹಾಕಿದವರು ಮೊದಲು ಬೆಚ್ಚಿಬೀಳುವುದು ಇಲ್ಲಿ. ನಿನ್ನೆ ಗಿಗಾಓಮ್ ತೋರಿಸುತ್ತಿದ್ದ ಕೇಬಲ್ ಇವತ್ತು ಮೂರು ಫೇಸ್‌ನಲ್ಲೂ 200 ಮೆಗಾಓಮ್! ಕೇಬಲ್ ಹಾಳಾಗಿಲ್ಲ, ನೀವು ಅಳೆಯುತ್ತಿರುವುದು ಸೆನ್ಸರಿನ ರೆಸಿಸ್ಟರ್. ಮೂರೂ ಹೆಚ್ಚುಕಮ್ಮಿ ಒಂದೇ ಬಂದರೆ ಸರಿ. ಒಂದು ಮಾತ್ರ ಬೇರೆಯಾದರೆ ಅದನ್ನು ಹುಡುಕಿ. ಇದೇ ಲೆಕ್ಕದಲ್ಲಿ 19 ಕೆವಿ ಡಿಸಿ ಪರೀಕ್ಷೆಯಲ್ಲಿ ಫೇಸ್‌ಗೆ 95 ಮೈಕ್ರೋಆಂಪಿಯರ್ ಲೀಕೇಜ್ ಕಾಣುತ್ತದೆ. ಅದೂ ಸೆನ್ಸರಿನದೇ.

ಕೇಬಲ್‌ಗೆ ವಿಎಲ್‌ಎಫ್ ಪರೀಕ್ಷೆ, ಅಂದರೆ 0.1 ಹರ್ಟ್ಜ್‌ನ ಹೈ ವೋಲ್ಟೇಜ್, ಕೊಡುವ ದಿನ ಎಚ್ಚರ. ಫೇಸ್ ವೋಲ್ಟೇಜಿನ ಮೂರು ಪಟ್ಟು ಏರಿಸಿದರೆ ಸೆನ್ಸರ್‌ನೊಳಗೆ ಶಾಖ ಒಂಬತ್ತು ಪಟ್ಟು. ಡೇಟಾಶೀಟ್ ಸ್ಪಷ್ಟವಾಗಿ ಒಪ್ಪಿದರೆ ಮಾತ್ರ ಸೆನ್ಸರ್ ಇಟ್ಟುಕೊಂಡು ಮಾಡಿ, ಇಲ್ಲದಿದ್ದರೆ ತೆಗೆದು, ಎತ್ತಿಟ್ಟ ಹಳೆಯ ಪ್ಲಗ್ ಹಾಕಿ.

ಅನುಪಾತದ ಪರೀಕ್ಷೆಗೆ ಟೆಸ್ಟ್ ಕಿಟ್‌ನಿಂದ 2 ಕೆವಿ ಕೊಟ್ಟರೆ 200 ಮಿಲಿವೋಲ್ಟ್ ಬರಬೇಕು. ಬರೀ 230 ವೋಲ್ಟ್ ಕೊಟ್ಟರೆ 23 ಮಿಲಿವೋಲ್ಟ್. ಫೇಸ್ ಗುರುತಿಗೆ ಸಾಕು, ನಿಖರತೆಗೆ ಸಾಲದು. ಪ್ರೈಮರಿಗೆ ವೋಲ್ಟೇಜ್ ಕೊಡುವಾಗ ಅರ್ಥಿಂಗ್ ಸ್ವಿಚ್ ತೆಗೆದಿರಬೇಕು, ಹತ್ತಿರ ಯಾರೂ ಇರಬಾರದು, ಆಚೆ ತುದಿಯ ಬಳಿ ಒಬ್ಬರು ಕಾವಲಿರಬೇಕು.

ರಿಲೇಗೆ ಸೆಕೆಂಡರಿ ಇಂಜೆಕ್ಷನ್, ಅಂದರೆ ಕಿಟ್‌ನಿಂದ ನೇರ ರಿಲೇ ಇನ್‌ಪುಟ್‌ಗೆ ವೋಲ್ಟೇಜ್ ಕೊಟ್ಟು ಪರೀಕ್ಷೆ, ಮಾಡುವವರಿಗೆ ಒಂದೇ ಮಾತು: ಅಭ್ಯಾಸಬಲದಿಂದ ಪಿಟಿಗೆ ಕೊಡುವ ಹಾಗೆ 63.5 ವೋಲ್ಟ್ (110/√3) ಕೊಡಬೇಡಿ. ಸೆನ್ಸರ್ ಇನ್‌ಪುಟ್ ಕಾಯುವುದು ಅರ್ಧ ವೋಲ್ಟ್‌ಗೆ. ಕಿಟ್‌ನ ಲೋ ಲೆವೆಲ್ ಔಟ್‌ಪುಟ್ ಬಳಸಿ.

ಹಂತ 7: ರಿಲೇ ಸೆಟ್ಟಿಂಗ್

ಅನುಪಾತ, ಪ್ರೈಮರಿ ವೋಲ್ಟೇಜ್, ಮೂರು ಸೆನ್ಸರ್‌ಗಳ ಕರೆಕ್ಷನ್ ಫ್ಯಾಕ್ಟರ್. ಕರೆಕ್ಷನ್ ಫ್ಯಾಕ್ಟರ್ ಎಂದರೆ ಆ ಒಂದು ತುಂಡು ನಾಮಿನಲ್‌ನಿಂದ ಎಷ್ಟು ಸರಿದಿದೆ ಎಂದು ಕಾರ್ಖಾನೆಯಲ್ಲಿ ಅಳೆದು ಬರೆದ ಸಂಖ್ಯೆ: 0.9985 ತರಹದ ಒಂದು ಗುಣಕ, ಜೊತೆಗೆ ಕೋನದ ತಿದ್ದುಪಡಿ. ಇದನ್ನು ಗುಣಿಸಬೇಕೋ ಭಾಗಿಸಬೇಕೋ ಎನ್ನುವುದು ರಿಲೇ ಕೈಪಿಡಿಯಲ್ಲಿ ಇರುತ್ತದೆ, ಓದಿ; ತಿರುಗಾಮುರುಗಾ ಆದರೆ ದೋಷ ಹೋಗುವ ಬದಲು ದುಪ್ಪಟ್ಟಾಗುತ್ತದೆ. ಹಂತ 4ರಲ್ಲಿ ಬರೆದ ಸೀರಿಯಲ್ ಪಟ್ಟಿ ಬೇಕಾಗುವುದು ಇಲ್ಲೇ.

ಸೆನ್ಸರ್ 10,000:1 ಬದಲು 20 ಕೆವಿ/√3 ಮತ್ತು 3.25 ವೋಲ್ಟ್/√3 ಎಂದು ಬಂದಿದ್ದರೂ 11 ಕೆವಿಗೆ ಬಳಸಬಹುದು, 6.35 ಕೆವಿಗೆ 1.03 ವೋಲ್ಟ್ ಸಿಗುತ್ತದೆ. ಆದರೆ ರಿಲೇಯಲ್ಲಿ 20 ಮತ್ತು 3.25 ಎಂದೇ ಬರೆಯಬೇಕು. ಫೀಡರ್ 11 ಕೆವಿ ಎಂದು 11 ಬರೆದರೆ ತಪ್ಪು.

ಹಂತ 8: ಚಾರ್ಜ್ ಮಾಡಿದ ಮೇಲೆ

ಮೂರು ಫೇಸ್‌ನಲ್ಲೂ 6.35ರ ಆಸುಪಾಸು, ಲೈನ್ ವೋಲ್ಟೇಜ್ 11ರ ಆಸುಪಾಸು, ರೆಸಿಡ್ಯುಯಲ್ ಸೊನ್ನೆಯ ಹತ್ತಿರ ಇರಬೇಕು. ಸಬ್‌ಸ್ಟೇಷನ್‌ಗೆ ಫೋನ್ ಮಾಡಿ ಅದೇ ಗಳಿಗೆಯ ರೀಡಿಂಗ್ ಕೇಳಿ ಹೋಲಿಸಿ.

19 ಕೆವಿ ತೋರಿಸಿದರೆ ಸೆಟ್ಟಿಂಗ್‌ನಲ್ಲಿ √3 ಎರಡು ಸಲ ಸೇರಿದೆ. ಲೈನ್ ವೋಲ್ಟೇಜ್ ಜಾಗದಲ್ಲಿ 6.35 ಬಂದರೆ ಒಂದು ಸಲವೂ ಸೇರಿಲ್ಲ. ದೀಪ ಹತ್ತಿದ್ದು ಒಂದು ಫೇಸ್ ಸೊನ್ನೆ ಓದಿದರೆ ಪ್ಲಗ್ ಪೂರ್ತಿ ಕೂತಿಲ್ಲ ಅಥವಾ ಪಿನ್ ಹೊಂದಿಲ್ಲ. ರೀಡಿಂಗ್ ಕುಣಿಯುತ್ತಿದ್ದರೆ ಶೀಲ್ಡ್‌ನ ಅರ್ಥ್ ನೋಡಿ.

ಫೇಸ್ ಸೀಕ್ವೆನ್ಸ್ ಸರಿ ಬಂತೆಂದು ಅಲ್ಲಿಗೇ ನಿಲ್ಲಿಸಬೇಡಿ. ಆರ್-ವೈ-ಬಿ ಜಾಗಕ್ಕೆ ವೈ-ಬಿ-ಆರ್ ಕೊಟ್ಟರೂ ಸೀಕ್ವೆನ್ಸ್ ಸರಿಯೇ ತೋರಿಸುತ್ತದೆ, ವೋಲ್ಟೇಜೂ ಸರಿ. ಲೋಡ್ ಬಂದ ಮೇಲೆ ಪವರ್ ಫ್ಯಾಕ್ಟರ್ ನೋಡಿದಾಗಲೇ ಬಣ್ಣ ಬಯಲು: 0.9 ಲ್ಯಾಗ್ ಇರಬೇಕಾದ ಫೀಡರ್ ಮೈನಸ್ 0.83 ಅಥವಾ ಮೈನಸ್ 0.07 ಓದುತ್ತದೆ. ಹಾಗೆಯೇ ಬಿಟ್ಟರೆ ಡೈರೆಕ್ಷನಲ್ ರಕ್ಷಣೆ ಫಾಲ್ಟ್ ಬಂದ ದಿನ ತಪ್ಪು ದಿಕ್ಕು ಹೇಳುತ್ತದೆ.

ಇನ್ನೆರಡು ಪ್ರಶ್ನೆ

ಬಿಲ್ಲಿಂಗ್ ಮೀಟರಿಗೆ ಇದನ್ನು ಕೊಡಬಹುದೇ? ಇಲ್ಲ. ಎಚ್‌ಟಿ ಗ್ರಾಹಕರ ಮೀಟರ್ ಕೇಳುವುದು 110 ವೋಲ್ಟ್ ಸೆಕೆಂಡರಿ. ಅದಕ್ಕೆ ಎಸ್ಕಾಂ ಸೀಲ್ ಮಾಡಿದ ಸಿಟಿ-ಪಿಟಿ (ಸಿಟಿ ಎಂದರೆ ಕರೆಂಟನ್ನು ಅಳೆಯುವಷ್ಟಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್) ಕ್ಯುಬಿಕಲ್ ಬೇರೆಯೇ ಇರುತ್ತದೆ.

ಸೆಕೆಂಡರಿ ಪ್ಲಗ್ ಕಿತ್ತರೆ ಅಪಾಯವೇ? ಸಿಟಿಯ ಹಾಗೆ ಓಪನ್ ಆದರೆ ಅನಾಹುತ, ಪಿಟಿಯ ಹಾಗೆ ಶಾರ್ಟ್ ಆದರೆ ಅನಾಹುತ ಎಂಬುದು ರೆಸಿಸ್ಟರ್ ಸೆನ್ಸರ್‌ಗೆ ಇಲ್ಲ. ಶಾರ್ಟ್ ಆದರೆ ಸೊನ್ನೆ ಓದುತ್ತದೆ, ಅಷ್ಟೇ. ಅರ್ಥ್ ತಂತಿ ಮಾತ್ರ ಚಾರ್ಜ್ ಇರುವಾಗ ಮುಟ್ಟಬಾರದು. ಇಂಡಿಕೇಟರ್ ದೀಪದ ಕೆಪಾಸಿಟರ್ ಟ್ಯಾಪ್ ವಿಷಯ ಇದಕ್ಕೆ ತದ್ವಿರುದ್ಧ: ಇಂಡಿಕೇಟರ್ ತೆಗೆದರೆ ಆ ಟ್ಯಾಪನ್ನು ಅರ್ಥ್‌ಗೆ ಶಾರ್ಟ್ ಮಾಡಿಯೇ ಬಿಡಬೇಕು.

ಒಂದು ಸೆನ್ಸರ್ ಬದಲಿಸಿದ ದಿನ ಹೊಸ ತುಂಡಿನ ಕರೆಕ್ಷನ್ ಫ್ಯಾಕ್ಟರನ್ನು ಅದೇ ದಿನ ರಿಲೇಗೆ ಹಾಕಿ, ಹಳೆಯ ಸೀರಿಯಲ್ ನಂಬರ್ ಹೊಡೆದು ಹೊಸದನ್ನು ಕಂಟ್ರೋಲ್ ಪೆಟ್ಟಿಗೆಯ ಬಾಗಿಲಿನ ಒಳಬದಿಯಲ್ಲಿ ಅಂಟಿಸಿ.